ಅಜ್ಜನ ಮಾರ್ಲಿನ್ 39ಎ ಬಿಚ್ಚಿ ತೊಳೆದ ಕತೆ: ಕೊಬ್ಬರಿ ಎಣ್ಣೆ, ಗಂಧ, ತುಕ್ಕು

ತೀರ್ಥಹಳ್ಳಿ ಕಡೆ ಮನೆಗಳಲ್ಲಿ ಇರುವುದು ಹೆಚ್ಚಾಗಿ ಕೇಪಿನ ಕೋವಿ, ಇಲ್ಲಾಂದ್ರೆ ಹನ್ನೆರಡು ಬೋರಿನ ಒಂಟಿ ನಳಿಗೆ. ಅವನ್ನು ಬಿಚ್ಚಿ ಒರೆಸುವುದು ಎಲ್ಲರಿಗೂ ಗೊತ್ತು. ನಮ್ಮಲ್ಲಿರುವುದು ಮಾರ್ಲಿನ್ 39ಎ, ಲಿವರ್ ಎಳೆದು ತೋಟೆ (ಕಾಡತೂಸು) ಏರಿಸುವ .22 ರೈಫಲ್. ಅಜ್ಜ ಕೊಂಡಿದ್ದು, ಅಪ್ಪನ ನಂತರ ನನ್ನ ಪರವಾನಗಿಗೆ ಬಂತು. ಇದನ್ನು ಬಿಚ್ಚಿ ನೋಡಿದವರು ಸುತ್ತಮುತ್ತ ಯಾರೂ ಇಲ್ಲ. ಅದಕ್ಕೇ ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಂಥದ್ದೊಂದು ಯಾರ ಮನೆಯ ಬೀರುವಿನಲ್ಲಾದರೂ ಇದ್ದರೆ ಉಪಯೋಗಕ್ಕೆ ಬರಲಿ.

ತೊಂದರೆ ಮೂರು. ಹತ್ತು ತೋಟೆಗೆ ಮೂರೋ ನಾಲ್ಕೋ ಹಾರುತ್ತಿರಲಿಲ್ಲ, ಟಕ್ ಅಂತ ಸದ್ದಷ್ಟೇ. ಮಾಗಿ ಚಳಿಯ ಬೆಳಿಗ್ಗೆ ಅದು ಇನ್ನೂ ಜಾಸ್ತಿ. ಎರಡನೆಯದು, ಹಾರಿದ ತೋಟೆಯ ಖಾಲಿ ಕೇಸು, ಅಂದರೆ ಹೊರಕವಚ, ಒಳಗೇ ಕಚ್ಚಿಕೊಳ್ಳುತ್ತಿತ್ತು, ಲಿವರ್ ಎಳೆದರೂ ಹೊರಗೆ ಬರುತ್ತಿರಲಿಲ್ಲ. ಮೂರನೆಯದು ಮೈಮೇಲಿನ ತುಕ್ಕು. ತೋಟೆ ಹಳೆಯದು, ಅದಕ್ಕೇ ಹಾರುತ್ತಿಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೊಸ ತೋಟೆ ಹಾಕಿದರೂ ಅದೇ ಕತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶುಚಿ ಮಾಡುವುದು ಬೇರೆ, ರಿಪೇರಿ ಬೇರೆ. ಪರವಾನಗಿ ಇರುವವರು ತಮ್ಮ ಕೋವಿ ಬಿಚ್ಚಿ ಒರೆಸಬಹುದು. ಅರ ಹಾಕುವುದು, ಭಾಗ ಬದಲಿಸುವುದು, ಬೆಸುಗೆ ಹಾಕುವುದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ. ನಳಿಗೆ ಕತ್ತರಿಸುವ ಮಾತಂತೂ ಎತ್ತಲೇಬೇಡಿ, ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆ ಕಲಮೇ ಇದೆ. ಮತ್ತೆ, ಕೆಲಸಕ್ಕೆ ಕೂತ ಜಾಗದಲ್ಲಿ ಒಂದೇ ಒಂದು ತೋಟೆಯೂ ಇರಬಾರದು. ನಾನು ತೋಟೆಯ ಡಬ್ಬ ಬೀರುವಿನಲ್ಲಿಟ್ಟು ಬೀಗ ಹಾಕಿಯೇ ಜಗಲಿಗೆ ಬಂದೆ.

ಸಾಮಾನು

ಏರ್ ರೈಫಲ್‌ಗೆ ಅಂತ ಮಾರುವ .22 ಶುಚಿ ಕಡ್ಡಿ ಆನ್‌ಲೈನಿನಲ್ಲಿ 480 ರೂಪಾಯಿಗೆ ಸಿಕ್ಕಿತು, ಜೊತೆಗೆ ಒಂದು ಹಿತ್ತಾಳೆ ತಂತಿಯ ಬ್ರಷ್, ಒಂದು ನೂಲಿನ ಬ್ರಷ್. ಮೂರು ತುಂಡು ಜೋಡಿಸಿದರೆ 33 ಇಂಚು. ಇದರ ನಳಿಗೆ 24 ಇಂಚು, ಅದರ ಹಿಂದೆ ರಿಸೀವರಿನ (ಯಂತ್ರಭಾಗ ಕೂರುವ ಉಕ್ಕಿನ ಗೂಡು) ಉದ್ದ ಬೇರೆ. 30 ಇಂಚಿಗಿಂತ ಗಿಡ್ಡ ಕಡ್ಡಿ ತಂದರೆ ದಂಡ. ಹೊಲಿಗೆ ಯಂತ್ರದ ಎಣ್ಣೆ 60, ತುಕ್ಕು ಸಡಿಲಿಸುವ ಸ್ಪ್ರೇ 220, ಸೀಮೆಎಣ್ಣೆ ಅರ್ಧ ಲೀಟರ್ ಪಕ್ಕದ ಮನೆಯವರು ಕೊಟ್ಟರು. ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಹಲ್ಲುಜ್ಜುವ ಬ್ರಷ್, ಹಳೆ ಪಂಚೆ ಮನೆಯಲ್ಲೇ ಇದ್ದವು. ಪಂಚೆ ಹತ್ತಿಯದ್ದೇ ಆಗಬೇಕು, ಟೆರಿಕಾಟ್ ಎಣ್ಣೆ ಹೀರುವುದಿಲ್ಲ.

ಬಿಡಿಭಾಗ ಇಡಲು ಎರಡು ಅಡಿಕೆ ಹಾಳೆ ತಟ್ಟೆ ಇಟ್ಟುಕೊಂಡೆ. ಬಣ್ಣ ತಿಳಿ, ಅಂಚು ಎತ್ತರ. ಸ್ಕ್ರೂ ಉರುಳಿ ಜಗಲಿಯ ಸಂದಿಗೆ ಬೀಳುವುದಿಲ್ಲ, ಸಣ್ಣ ಮೊಳೆಯೂ ಎದ್ದು ಕಾಣುತ್ತದೆ. ಇದರ ಬಿಡಿಭಾಗ ಕಳೆದುಕೊಂಡರೆ ಇಲ್ಲಿ ಸಿಗುವ ಮಾತೇ ಇಲ್ಲ. ಹಾಳೆ ತಟ್ಟೆಗೆ ಅಷ್ಟು ಬೆಲೆ ಇದೆ.

1. ಖಾಲಿ ಅಂತ ಖಚಿತ ಮಾಡಿಕೊಂಡದ್ದು

ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ, ತೋಟೆ ಕೂರುವುದು ಅದರಲ್ಲಿ. .22 ಎಲ್‌ಆರ್ (ಲಾಂಗ್ ರೈಫಲ್, ಉದ್ದದ ತೋಟೆ) ಆದರೆ 19, ಶಾರ್ಟ್ (ಗಿಡ್ಡದ್ದು) ಆದರೆ 26 ಹಿಡಿಯುತ್ತದೆ. ಲಿವರ್ ನಾಲ್ಕು ಸಲ ಎಳೆದೆ, ಏನೂ ಬರಲಿಲ್ಲ, ಖಾಲಿ ಅಂತ ಬಿಡಬಾರದು. ಸ್ಪ್ರಿಂಗ್ ಜಿಡ್ಡಾಗಿದ್ದರೆ ತೋಟೆ ಮಧ್ಯದಲ್ಲೇ ನಿಂತಿರುತ್ತದೆ. ಒಳಗಿನ ಹಿತ್ತಾಳೆ ಕೊಳವೆಯನ್ನು ತುದಿಯಲ್ಲಿ ತಿರುಗಿಸಿ ಪೂರ್ತಿ ಹೊರಗೆ ಎಳೆಯಬೇಕು. ಆಮೇಲೆ ಬಾಯಿ ಕೆಳಗೆ ಮಾಡಿ ಅಲ್ಲಾಡಿಸಿ, ಲಿವರ್ ತೆರೆದು, ಟಾರ್ಚ್ ಬಿಟ್ಟು, ಕಿರುಬೆರಳಿನಲ್ಲಿ ಮುಟ್ಟಿ ನೋಡಬೇಕು. ನಮ್ಮ ಹಿತ್ತಾಳೆ ಕೊಳವೆ ಹಸಿರು ಕಿಲುಬು ಹಿಡಿದು ಅರ್ಧಕ್ಕೆ ನಿಂತಿತ್ತು. ಸ್ಪ್ರೇ ಬಿಟ್ಟು ಹತ್ತು ನಿಮಿಷ ಕಾದು, ತಿರುಗಿಸುತ್ತಾ ಎಳೆದರೆ ಬಂತು.

ಈ ಕೋವಿಯಲ್ಲಿ ಅಡ್ಡ ಒತ್ತುವ ಸೇಫ್ಟಿ ಗುಂಡಿ ಇಲ್ಲ. ಅದು ಬಂದದ್ದು 1988ರಿಂದ ಈಚೆಗೆ. ಹಳೆಯದರಲ್ಲಿ ಹ್ಯಾಮರಿನ (ಟ್ರಿಗರ್ ಎಳೆದಾಗ ಹೊಡೆಯುವ ಸುತ್ತಿಗೆ) ಅರ್ಧ ಎಳೆತ ಒಂದೇ ಕಾಪು. ಹಾಗಾಗಿ ಖಾಲಿ ನೋಡುವ ಕೆಲಸದಲ್ಲಿ ಅವಸರ ಸಲ್ಲದು.

2. ಬಿಚ್ಚುವ ಮೊದಲೊಂದು ಪರೀಕ್ಷೆ

ಇದನ್ನು ಮಾಡಿದ್ದು ಬಹಳ ಒಳ್ಳೆಯದಾಯಿತು. ಈ .22 ರಿಮ್‌ಫೈರ್ ತೋಟೆ. ಇದರಲ್ಲಿ ಕೇಪು ಮಧ್ಯದಲ್ಲಿ ಇರುವುದಿಲ್ಲ, ಬೆಂಕಿ ಹತ್ತುವ ಮದ್ದು ಹಿಂದಿನ ಅಂಚಿನ ಮಡಿಕೆಯೊಳಗೆ ಇರುತ್ತದೆ. ಹ್ಯಾಮರಿನ ಏಟಿಗೆ ಮುಂದೆ ಹೋಗುವ ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಬೇಕು. ಏಟು ಮೆತ್ತಗಾದರೆ ಹಾರುವುದಿಲ್ಲ. ಹಾರಿದ ಖಾಲಿ ಕೇಸೊಂದನ್ನು ತೆಗೆದುಕೊಂಡು, ಹಳೆ ಗುರುತು ಬೇರೆ ಕಡೆ ಬರುವಂತೆ ತಿರುಗಿಸಿ, ಒಳಗಿಟ್ಟು ಟ್ರಿಗರ್ ಎಳೆದೆ. ತೆಗೆದು ನೋಡಿದರೆ ಅಂಚಿನಲ್ಲಿ ಉಗುರಿನಿಂದ ಗೀರಿದಷ್ಟೇ ಗುರುತು. ಮುಟ್ಟಿದರೆ ಬೆರಳಿಗೆ ತಗುಲುವುದೂ ಇಲ್ಲ. ಅಂದರೆ ತೋಟೆಯದ್ದು ತಪ್ಪಲ್ಲ, ಏಟೇ ಬೀಳುತ್ತಿಲ್ಲ. ಆ ಕೇಸನ್ನು ಹೋಲಿಸಿ ನೋಡಲು ತೆಗೆದಿಟ್ಟೆ.

ಕೇಸು ಇಡದೆ ಸುಮ್ನೆ ಟ್ರಿಗರ್ ಎಳೆಯಬೇಡಿ. ರಿಮ್‌ಫೈರಿನಲ್ಲಿ ಪಿನ್ ಹೋಗಿ ನಳಿಗೆಯ ಅಂಚಿಗೇ ಬಡಿಯಬಹುದು. ಅಲ್ಲಿ ಗುಂಡಿ ಬಿದ್ದರೆ ಕೇಸು ಕಚ್ಚಲು ಅದೂ ಒಂದು ಕಾರಣವಾಗುತ್ತದೆ. ಮಕ್ಕಳು ಆಟಕ್ಕೆ ಟಕ್ ಟಕ್ ಮಾಡುವ ಕೋವಿ ಇದಲ್ಲ.

3. ದೊಡ್ಡ ಸ್ಕ್ರೂ

39ಎಯ ಅನುಕೂಲ ಏನೆಂದರೆ, ಬಲಗಡೆ ಒಂದೇ ದೊಡ್ಡ ಸ್ಕ್ರೂ ಬಿಚ್ಚಿದರೆ ಕೋವಿ ಎರಡು ಭಾಗವಾಗುತ್ತದೆ. ನಾಣ್ಯದಲ್ಲಿ ತಿರುಗಿಸುವ ಹಾಗೆ ಅದರ ತಲೆ ಅಗಲವಾಗಿದೆ. ನಮ್ಮದು ಎಷ್ಟು ವರ್ಷದಿಂದ ಬಿಚ್ಚಿರಲಿಲ್ಲವೋ, ಅಲ್ಲಾಡಲೇ ಇಲ್ಲ. ಹಳೆಯ ದಪ್ಪ ಐದು ರೂಪಾಯಿ ನಾಣ್ಯ ತಲೆಯ ಸೀಳಿನೊಳಗೆ ಇಳಿಯಲಿಲ್ಲ. ಎರಡು ರೂಪಾಯಿ ನಾಣ್ಯ ಸರಿಯಾಗಿ ಕೂತಿತು, ಆದರೆ ಬೆರಳಿನ ಬಲ ಸಾಲಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಜಗ್ಗಿದರೆ ತುದಿ ಓರೆಯಾಗಿರುವುದರಿಂದ ಜಾರಿ ಸೀಳಿನ ಅಂಚು ಎದ್ದು ಬರುತ್ತದೆ. ಅಜ್ಜನ ಕಾಲದಲ್ಲೇ ಯಾರೋ ಹಾಗೆ ಮಾಡಿದ ಗುರುತು ಕಾಣುತ್ತಿತ್ತು.

ಸ್ಪ್ರೇ ಬಿಟ್ಟು ರಾತ್ರಿ ಹಾಗೇ ಇಟ್ಟೆ. ಬೆಳಿಗ್ಗೆ ಮತ್ತೆ ಬಿಟ್ಟೆ. ನಾಣ್ಯವನ್ನು ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು, ಬಿಚ್ಚುವ ಬದಲು ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದೆ. ಕಿರ್ ಅಂತ ಬಿಟ್ಟುಕೊಂಡಿತು. ಜಾಮ್ ಆದ ಯಾವ ಸ್ಕ್ರೂಗೂ ಈ ಉಪಾಯ ನಡೆಯುತ್ತದೆ, ಪಂಪ್‌ಸೆಟ್ಟಿನವರಿಗೆ ಗೊತ್ತಿರುವುದೇ.

ಬಿಚ್ಚುವ ಮೊದಲು ಲಿವರ್ ಮುಚ್ಚಿರಬೇಕು, ಹ್ಯಾಮರ್ ಪೂರ್ತಿ ಎಳೆದಿರಬೇಕು. ಇದು ಮುಖ್ಯ. ಹ್ಯಾಮರ್ ಕೆಳಗಿದ್ದರೆ ಬೋಲ್ಟಿಗೆ (ತೋಟೆಯ ಹಿಂದೆ ಮುಚ್ಚಿಕೊಳ್ಳುವ ಉಕ್ಕಿನ ತುಂಡು, ಪಿನ್ ಇರುವುದು ಇದರೊಳಗೆ) ತಗುಲಿಕೊಂಡು ಭಾಗಗಳು ಬಿಡುವುದಿಲ್ಲ, ಬಲವಂತ ಮಾಡಿದರೆ ಪೆಟ್ಟಾಗುತ್ತದೆ. ಸ್ಕ್ರೂ ಬಿಟ್ಟ ಮೇಲೆ ಅಂಗೈಯಿಂದ ಪಕ್ಕಕ್ಕೆ ಸಣ್ಣಗೆ ತಟ್ಟಿದರೆ ಸಾಕು. ಬಟ್ಟು (ಹೆಗಲಿಗೆ ಆನಿಸುವ ಮರದ ಭಾಗ), ಟ್ರಿಗರ್, ಹ್ಯಾಮರ್ ಒಂದು ಕೈಯಲ್ಲಿ, ನಳಿಗೆ ಮತ್ತು ಬೋಲ್ಟು ಇನ್ನೊಂದು ಕೈಯಲ್ಲಿ. ಬೋಲ್ಟು ಹಿಂದೆ ಸರಿಸಿದರೆ ಹೊರಗೆ ಬರುತ್ತದೆ. ಅಲ್ಲಿಗೆ ಬಿಚ್ಚುವುದು ಮುಗಿಯಿತು. ಹ್ಯಾಮರ್, ಅದನ್ನು ತಳ್ಳುವ ಮೇನ್‌ಸ್ಪ್ರಿಂಗ್ ನಾನು ಬಿಚ್ಚಲಿಲ್ಲ. ಬೇಕಾಗಿಯೂ ಇರಲಿಲ್ಲ.

4. ಒಳಗೆ ಸಿಕ್ಕಿದ್ದು

ಬೋಲ್ಟು ಹೊರಗೆ ಬಂದಾಗ ಅದು ಉಕ್ಕು ಅಂತ ಗೊತ್ತೇ ಆಗುತ್ತಿರಲಿಲ್ಲ. ಹಳೆ ಜೋನಿ ಬೆಲ್ಲದ ಹಾಗೆ ಕಂದು ಜಿಡ್ಡು ಸುತ್ತಲೂ ಹಿಡಿದಿತ್ತು. ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು, ಒಳಗೆ ಕಪ್ಪು ಮಸಿ, ಸೀಸದ ಹೊಳೆಯುವ ಚೂರು. ಮೂಸಿದರೆ ಈಗಲೂ ಸ್ವಲ್ಪ ಕೊಬ್ಬರಿ ಎಣ್ಣೆಯ ಕಮಟು ವಾಸನೆ.

ಕಾರಣ ಅಲ್ಲೇ ಇತ್ತು. ನಮ್ಮ ಮನೆಯಲ್ಲಿ ಬಾಗಿಲ ತಿರುಗಣಿಯಿಂದ ಹಿಡಿದು ಕೋವಿಯವರೆಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಪ್ರತಿ ವರ್ಷ ಅಪ್ಪ ಒಳಗೆ ನಾಲ್ಕು ಹನಿ ಬಿಡುತ್ತಿದ್ದರು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿರುತ್ತದೆ ಅಲ್ವಾ? ಫೈರಿಂಗ್ ಪಿನ್ ಜಾರುವ ಓಣಿಯೊಳಗೂ ಅದೇ ಆಗುತ್ತಿತ್ತು. .22 ತೋಟೆಯ ಸೀಸದ ಗುಂಡಿಗೆ ಸವರಿರುವ ಮೇಣ, ಸುಟ್ಟ ಮದ್ದಿನ ಮಸಿ, ಎಣ್ಣೆ ಎಲ್ಲ ಸೇರಿ ಪಿನ್ನಿನ ದಾರಿಯನ್ನೇ ಕಟ್ಟಿಹಾಕಿತ್ತು. ಬೆರಳಿನಲ್ಲಿ ಒತ್ತಿದರೆ ಪಿನ್ ಸರಿಯುತ್ತಿತ್ತು, ಆದರೆ ನಿಧಾನಕ್ಕೆ. ಚಳಿಗೆ ಹೆಚ್ಚು ಕೈಕೊಡುತ್ತಿದ್ದುದು ಏಕೆ ಅನ್ನುವುದು ಆಗ ಸ್ಪಷ್ಟವಾಯಿತು.

5. ಜಿಡ್ಡು ಬಿಡಿಸಿದ್ದು

ಮೊದಲು ಡೀಸೆಲ್‌ನಲ್ಲಿ ನೆನೆಹಾಕಿದೆ. ಮೇಲಿನ ಪದರ ಮೆತ್ತಗಾಯಿತು, ಪಿನ್ನಿನ ಓಣಿಯಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಸೀಮೆಎಣ್ಣೆ. ಗಾಜಿನ ಭರಣಿಯಲ್ಲಿ ಬೋಲ್ಟು ಮುಳುಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಳದಲ್ಲಿ ಕಪ್ಪು ಕೆಸರು ಕೂತಿತ್ತು. ಮುಕ್ಕಾಲು ಪಾಲು ಹೋಗಿತ್ತು, ಆದರೂ ಪಿನ್ ತಾನಾಗಿ ಜಾರುತ್ತಿರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಬಚ್ಚಲ ಒಲೆಯ ಕುದಿ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬೋಲ್ಟನ್ನು ತಂತಿಯಲ್ಲಿ ಕಟ್ಟಿ ಇಳಿಬಿಟ್ಟು, ಐದು ನಿಮಿಷಕ್ಕೊಮ್ಮೆ ಎತ್ತಿ ಹಲ್ಲಿನ ಬ್ರಷ್‌ನಲ್ಲಿ ಉಜ್ಜಿದೆ. ಎಣ್ಣೆ ಪಸೆ ತೆಗೆಯಲು ಬಿಸಿನೀರು ಸೋಪಿಗಿಂತ ಬೇರೆ ಬೇಕಿಲ್ಲ. ಪಿನ್ನಿನ ಸಂದಿಯಿಂದ ಕಂದು ನೀರು ಬರುವುದು ನಿಲ್ಲುವವರೆಗೆ ಮಾಡಿದೆ. ಪಿನ್ನನ್ನು ಬೋಲ್ಟಿನಿಂದ ಹೊರಗೆ ತೆಗೆಯುವ ಗೋಜಿಗೆ ಹೋಗಲಿಲ್ಲ. ಈಗ ಬೋಲ್ಟು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಪಿನ್ ಟಿಕ್ ಟಿಕ್ ಅಂತ ಹಿಂದೆ ಮುಂದೆ ಆಡುವುದು ಕೇಳುತ್ತದೆ.

ಕುದಿ ನೀರಿನಿಂದ ಎತ್ತಿದ ಉಕ್ಕು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂದರೆ, ಒರೆಸಿ ಬಿಸಿಲಿಗಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಮೂಲೆಯಲ್ಲಿ ಕೆಂಪು ಛಾಯೆ ಕಾಣುತ್ತದೆ. ತಕ್ಷಣ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಬಿಸಿ ಇರುವಾಗಲೇ ತೆಳ್ಳಗೆ ಎಣ್ಣೆ ಸವರಬೇಕು. ಪಿನ್ನಿನ ಓಣಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಅದನ್ನೂ ತಲೆಕೆಳಗು ಮಾಡಿ ಬಸಿದೆ. ತೋರುಬೆರಳಿನ ತುದಿಗೆ ಅಂಟುವಷ್ಟು ಎಣ್ಣೆ ಕೋವಿಗೆ ಸಾಕು.

6. ನಳಿಗೆ ಮತ್ತು ತೋಟೆ ಕೂರುವ ಜಾಗ

ಎಲ್ಲರೂ ನಳಿಗೆಯನ್ನೇ ತಿಕ್ಕುತ್ತಾರೆ. .22ರಲ್ಲಿ ನಳಿಗೆ ಕೊಳೆಯಾಗುವುದು ಕಡಿಮೆ. ನಮ್ಮದರಲ್ಲಿ ಮೈಕ್ರೋ ಗ್ರೂವ್, ಅಂದರೆ ಆಳ ಕಡಿಮೆ ಇರುವ 16 ಗೆರೆಗಳು. ಮೊದಲ ಬಟ್ಟೆ ತುಂಡು ಕಂದಾಗಿ ಬಂತು, ಆಮೇಲೆ ಬೂದು, ಆಮೇಲೆ ಬಿಳಿ. ಗೆರೆಗಳು ಹೊಳೆಯುತ್ತಿವೆ. ಅಲ್ಲಿಗೆ ನಿಲ್ಲಿಸಿದೆ.

ಕಡ್ಡಿ ಹಾಕುವುದು ಹಿಂದಿನಿಂದಲೇ. ಮುಂದಿನಿಂದ ಹಾಕಿದರೆ ಬಾಯಿಯ ಅಂಚು ಸವೆದು ಗುರಿ ಕೆಡುತ್ತದೆ. ಬೇರೆ ಎಷ್ಟೋ ಲಿವರ್ ರೈಫಲ್‌ಗಳಲ್ಲಿ ಹಿಂದಿನಿಂದ ಹಾಕಲು ದಾರಿಯೇ ಇರುವುದಿಲ್ಲ. ಇದರಲ್ಲಿ ದಾರಿಗೆ ಅಡ್ಡ ಬರುವ ಇಜೆಕ್ಟರನ್ನು (ಕೇಸನ್ನು ಹೊರಗೆ ಚಿಮ್ಮಿಸುವ ತುಂಡು) ಒಳಕ್ಕೆ ಒತ್ತಿ, ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಕಡ್ಡಿ ಸಲೀಸು. ಜೋಡಿಸುವಾಗ ಮರೆಯದೆ ಬಿಡಿಸಬೇಕು, ಇಲ್ಲಾಂದ್ರೆ ಕೇಸು ಹೊರಗೆ ಚಿಮ್ಮುವುದಿಲ್ಲ.

ಬಟ್ಟೆ ತುಂಡು ಎರಡು ಸೆಂಟಿಮೀಟರ್ ಚೌಕ. ಇಂಚಿನಷ್ಟು ಕತ್ತರಿಸಿದ್ದು ಪಂಚೆಯ ದಪ್ಪಕ್ಕೆ ಸಿಕ್ಕಿಕೊಂಡಿತು. ಸಿಕ್ಕಿಕೊಂಡರೆ ಕಡ್ಡಿಗೆ ಸುತ್ತಿಗೆ ಏಟು ಕೊಡಬಾರದು. ನಾಲ್ಕು ಹನಿ ಎಣ್ಣೆ ಬಿಟ್ಟು, ಬಂದ ದಾರಿಯಲ್ಲೇ ಎಳೆಯಬೇಕು. ಬ್ರಷ್ ಒಳಗಿರುವಾಗ ಅರ್ಧದಲ್ಲಿ ದಿಕ್ಕು ಬದಲಿಸುವುದೂ ಬೇಡ, ತಂತಿ ಮಡಚಿಕೊಳ್ಳುತ್ತದೆ.

ನಿಜವಾದ ತೊಂದರೆ ಇದ್ದದ್ದು ತೋಟೆ ಕೂರುವ ಕೋಣೆಯಲ್ಲಿ. ಬಾಯಿಯ ಕಡೆ ಬಿಳಿ ಕಾಗದ ಹಿಡಿದು ಹಿಂದಿನಿಂದ ಫೋನಿನ ಟಾರ್ಚಿನಲ್ಲಿ ನೋಡಿದರೆ, ಒಳಗೆ ಸುತ್ತಲೂ ಒಂದು ಕಪ್ಪು ಉಂಗುರ. ಅಜ್ಜ ಶಾರ್ಟ್ ತೋಟೆ ಜಾಸ್ತಿ ಹೊಡೆಯುತ್ತಿದ್ದರು. ಶಾರ್ಟಿನ ಕೇಸು 10.7 ಮಿಲಿಮೀಟರ್, ಎಲ್‌ಆರ್‌ನದ್ದು 15.6. ಶಾರ್ಟ್ ಹಾರಿದಾಗ ಕೇಸಿನ ಬಾಯಿ ಮುಗಿಯುವಲ್ಲಿ ಮಸಿ, ಸೀಸ ಕೂರುತ್ತಾ ಹೋಗುತ್ತದೆ. ಮುಂದೆ ಎಲ್‌ಆರ್ ಹಾಕಿದರೆ ಉದ್ದದ ಕೇಸು ಆ ಉಂಗುರದ ಮೇಲೇ ಕೂತು, ಹಾರುವಾಗ ಉಬ್ಬಿ ಅದಕ್ಕೇ ಕಚ್ಚಿಕೊಳ್ಳುತ್ತದೆ. ಕೇಸಿನ ಅಂಚು ಹಿಡಿದು ಎಳೆಯುವ ಎಕ್ಸ್‌ಟ್ರಾಕ್ಟರ್ ಜಾರುತ್ತದೆ. ಅದರ ಕೊಕ್ಕೆ ಸವೆದಿದೆ ಅಂದುಕೊಂಡಿದ್ದೆವು, ಬಿಚ್ಚಿ ನೋಡಿದರೆ ಅದು ಚೂಪಾಗಿಯೇ ಇದೆ.

ಹಿತ್ತಾಳೆ ಬ್ರಷ್‌ಗೆ ಸ್ಪ್ರೇ ಬಿಟ್ಟು, ಕೋಣೆಯೊಳಗೆ ಮಾತ್ರ ಕೈಯಲ್ಲಿ ಗಿರ ಗಿರ ತಿರುಗಿಸಿದೆ. ಅರ್ಧ ಗಂಟೆ ನೆನೆಯಲು ಬಿಟ್ಟು ಮತ್ತೆ ತಿರುಗಿಸಿದೆ. ಡ್ರಿಲ್ ಮಷಿನ್‌ಗೆ ಸಿಕ್ಕಿಸಿ ತಿರುಗಿಸು ಅಂತ ತಮ್ಮ ಹೇಳಿದ. ಬೇಡ ಅಂದೆ, ಅಲ್ಲಿ ಕೋಣೆ ಅಗಲವಾದರೆ ತಿರುಗಿ ಸರಿ ಮಾಡಲು ಬರುವುದಿಲ್ಲ. ಸಂಜೆ ಹೊತ್ತಿಗೆ ಕಪ್ಪು ಪದರ ಸಿಪ್ಪೆಯ ಹಾಗೆ ಬಿಟ್ಟು ಬಂತು.

7. ಮೈಮೇಲಿನ ತುಕ್ಕು

ರಿಸೀವರಿನ ಎಡಗಡೆ ತುಕ್ಕು ಹಿಡಿದ ಆಕಾರ ನೋಡಿ ಸ್ವಲ್ಪ ಹೊತ್ತು ಕೈ ಬಿಟ್ಟು ಕೂತೆ. ಮೂರು ಅಡ್ಡ ಗೆರೆ, ನಡುವೆ ಒಂದು ಬೊಟ್ಟು. ಆಯುಧ ಪೂಜೆಗೆ ಪ್ರತಿ ವರ್ಷ ಗಂಧ ಎಳೆದು ಕುಂಕುಮ ಇಡುವ ಜಾಗ. ಬೆರಳಿನ ಅಗಲವೂ ಹಾಗೇ ಮೂಡಿದೆ. ತೇದ ಗಂಧ ಒದ್ದೆ, ಅದರ ಮೇಲೆ ಹೂವು, ನೀರು. ಪೂಜೆ ಮುಗಿದ ಮೇಲೆ ಪ್ರಸಾದ ಅಂತ ಒರೆಸುತ್ತಿರಲಿಲ್ಲ, ಹಾಗೇ ಚರ್ಮದ ಚೀಲಕ್ಕೆ ಸೇರಿಸುತ್ತಿದ್ದೆವು. ಚರ್ಮ ಮಳೆಗಾಲದಲ್ಲಿ ತೇವ ಹೀರಿ ಹಿಡಿದಿಡುತ್ತದೆ. ಆಗುಂಬೆಯ ಮಳೆ ಬೀಳುವ ಸೀಮೆಯಲ್ಲಿ ಇನ್ನು ಕೇಳಬೇಕೇ.

ಹುಣಸೆಹಣ್ಣು ಹಚ್ಚು, ನಿಂಬೆ ಹಚ್ಚು ಅಂತ ಹೇಳಿದವರಿದ್ದಾರೆ. ತುಕ್ಕು ಹೋಗುತ್ತದೆ ನಿಜ. ಆದರೆ ಕೋವಿಯ ಕಪ್ಪು ನೀಲಿ ಬಣ್ಣ ಕೂಡ ಉಕ್ಕಿನ ಮೇಲೆ ಬೇಕಂತಲೇ ಬರಿಸಿದ ಒಂದು ಬಗೆಯ ಆಕ್ಸೈಡು, ಹುಳಿ ಅದನ್ನೂ ತಿನ್ನುತ್ತದೆ. ಎಮರಿ ಕಾಗದವೂ ಅಷ್ಟೇ. ನಾನು ಮಾಡಿದ್ದು ಇಷ್ಟು: ಯಂತ್ರದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟೆ, ಹಳೆ ತಾಮ್ರದ ಕಾಸನ್ನು ಮಲಗಿಸಿ ಹಿಡಿದು ಎಣ್ಣೆಯ ಮೇಲೆ ಮೆಲ್ಲಗೆ ಉಜ್ಜಿದೆ. ತಾಮ್ರ ಉಕ್ಕಿಗಿಂತ ಮೆದು, ತುಕ್ಕನ್ನು ಮಾತ್ರ ಎಬ್ಬಿಸುತ್ತದೆ. ಕೆಂಪು ಹೋಯಿತು, ಸಣ್ಣ ಸಣ್ಣ ಕುಳಿ ಉಳಿದಿವೆ. ಗೆರೆ ಗುರುತು ಓರೆ ಬೆಳಕಿಗೆ ಹಿಡಿದರೆ ಕಾಣುತ್ತದೆ.

ನಂಬರ್ ಕೆತ್ತಿರುವ ಜಾಗಕ್ಕೆ ಕಾಸೂ ತಗುಲಿಸಲಿಲ್ಲ, ಎಣ್ಣೆ ಬಟ್ಟೆ ಮಾತ್ರ. ಪರವಾನಗಿ ನವೀಕರಣಕ್ಕೆ ಹೋದಾಗ ಪುಸ್ತಕದ ನಂಬರಿಗೂ ಕೋವಿಯ ನಂಬರಿಗೂ ತಾಳೆ ನೋಡುತ್ತಾರೆ. ಅಲ್ಲಿ ಒಂದು ಅಂಕಿ ಮಸುಕಾದರೂ ತಲೆನೋವು ನಮ್ಮದೇ.

ಅಮ್ಮನ ಹತ್ತಿರ ಗಂಧದ ವಿಷಯ ಎತ್ತಿದೆ.

“ಗಂಧ ಇಡದೆ ಆಯುಧ ಪೂಜೆ ಎಂತದು ಮಾರಾಯ?” ಅಂದರು.

“ಇಡೋದು ಬೇಡ ಅನ್ನಲ್ಲ ಅಮ್ಮ, ಕಬ್ಬಿಣಕ್ಕೆ ತಾಗೋದು ಬೇಡ.”

ಸ್ವಲ್ಪ ಯೋಚಿಸಿ ಅವರೇ ದಾರಿ ಹೇಳಿದರು. ಕೋವಿಯ ಮೇಲೆ ವೀಳ್ಯದೆಲೆ ಇಟ್ಟು, ಎಲೆಗೆ ಗಂಧ ಕುಂಕುಮ. ಹೂವು ಮರದ ಬಟ್ಟಿನ ಕಡೆಗೆ. ರಾತ್ರಿ ಎಲೆ ತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿಯೇ ಒಳಗಿಡುವುದು.

8. ಜೋಡಿಸಿದ್ದು

ಇಜೆಕ್ಟರ್ ಬಿಡಿಸಿದೆ. ಬೋಲ್ಟು ಕೂರಿಸಿ ಪೂರ್ತಿ ಮುಂದಕ್ಕೆ ತಳ್ಳಿದೆ. ಹ್ಯಾಮರ್ ಎಳೆದೇ ಇದೆ ಅಂತ ನೋಡಿಕೊಂಡು ಎರಡು ಭಾಗ ಸೇರಿಸಿದೆ. ಬೋಲ್ಟು ಒಂದಿಷ್ಟು ಹಿಂದಿದ್ದರೂ ಸಂದಿ ಮುಚ್ಚುವುದಿಲ್ಲ. ಆಗ ಸ್ಕ್ರೂ ಹಾಕಿ ಬಿಗಿದು ಎಳೆದುಕೊಳ್ಳುವ ಯೋಚನೆ ಬರುತ್ತದೆ, ಬೇಡ, ಸ್ಕ್ರೂವಿನ ಮರೆ (ಥ್ರೆಡ್) ಹಾಳಾಗುತ್ತದೆ. ಬಿಚ್ಚಿ ಮತ್ತೆ ಕೂರಿಸಿ. ಕೈಯ ಒತ್ತಡಕ್ಕೇ ಸಂದಿ ಮುಚ್ಚಬೇಕು. ಸ್ಕ್ರೂವಿನ ಮರೆಗೆ ಒಂದು ಚೂರು ಗ್ರೀಸ್ ಹಚ್ಚಿದೆ, ಮುಂದಿನ ಸಲ ಇಕ್ಕಳ ಬೇಕಾಗಬಾರದು.

ಮತ್ತೆ ಅದೇ ಪರೀಕ್ಷೆ. ಇನ್ನೊಂದು ಖಾಲಿ ಕೇಸು, ಗುರುತು ತಿರುಗಿಸಿ ಇಟ್ಟು ಟ್ರಿಗರ್ ಎಳೆದೆ. ಸದ್ದೇ ಬೇರೆ. ತೆಗೆದು ಮೊದಲಿನದರ ಪಕ್ಕ ಇಟ್ಟು ನೋಡಿದೆ. ಈ ಸಲ ಅಂಚಿನಲ್ಲಿ ಚೌಕಾಕಾರದ ಆಳದ ಗುಂಡಿ, ಬೆರಳು ಆಡಿಸಿದರೆ ತಡೆಯುತ್ತದೆ. ಅದೇ ಸ್ಪ್ರಿಂಗ್, ಅದೇ ಪಿನ್, ಒಂದು ಭಾಗವನ್ನೂ ಬದಲಿಸಿಲ್ಲ. ಬೆಳಿಗ್ಗೆ ಏಳು ಗಂಟೆಯ ಚಳಿಯಲ್ಲಿ ಇನ್ನೊಮ್ಮೆ ಮಾಡಿದೆ, ಗುಂಡಿ ಅಷ್ಟೇ ಆಳ.

9. ಇಡುವ ಜಾಗ

ಚರ್ಮದ ಚೀಲ ಅಟ್ಟಕ್ಕೆ ಹೋಯಿತು, ಪೇಟೆಗೆ ಒಯ್ಯುವಾಗ ಮಾತ್ರ ಅದು. ಕೋವಿ ಈಗ ಬೀಗದ ಬೀರುವಿನಲ್ಲಿ, ಹತ್ತಿ ಬಟ್ಟೆಯ ಮೇಲೆ, ಬಾಯಿ ಕೆಳಗೆ ಮಾಡಿ ನಿಂತಿದೆ. ಬಾಯಿ ಮೇಲಿದ್ದರೆ ಎಣ್ಣೆ ನಿಧಾನಕ್ಕೆ ಹಿಂದಕ್ಕೆ ಇಳಿದು ಮರದ ಬಟ್ಟಿನೊಳಗೆ ಹೀರಿ ಮರ ಮೆತ್ತಗಾಗುತ್ತದೆ. ನಮ್ಮ ಬಟ್ಟು ವಾಲ್‌ನಟ್ ಮರ, ಉಕ್ಕು ಸೇರುವ ಕಡೆ ಆಗಲೇ ಕಪ್ಪಾಗಿದೆ. ಅರ್ಧ ಕಿಲೋ ಸಿಲಿಕಾ ಜೆಲ್ 190 ರೂಪಾಯಿ. ಆ ನೀಲಿ ಹರಳು ಗುಲಾಬಿಯಾದರೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ, ಮಳೆಗಾಲದಲ್ಲಿ ಬೇಗ ಬೇಗ ನೋಡುತ್ತಿರಬೇಕು. ಹುರಿಯಲು ಹಳೆ ಕಾವಲಿ ಬೇರೆ ಇಡಿ, ದೋಸೆಯದ್ದು ಬೇಡ.

ಚುನಾವಣೆಗೆ ಕೋವಿ ಠಾಣೆಗೆ ಒಪ್ಪಿಸುವ ಕಾಲ ಬಂದಾಗ ಹೊರಮೈಗೆಲ್ಲ ತೆಳ್ಳಗೆ ಗ್ರೀಸ್ ಸವರಿ, ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಕೊಡಬೇಕು ಅಂತ ಅಮ್ಮ ಹಳೆ ಸೀರೆಯಲ್ಲಿ ಒಂದು ಉದ್ದ ಚೀಲ ಹೊಲಿದಿದ್ದಾರೆ.

ಲೆಕ್ಕ ಹಾಕಿದರೆ 480, 60, 220, 190, ಒಟ್ಟು 950 ರೂಪಾಯಿ. ಒಂದು ಕೆಲಸ ಉಳಿದಿದೆ. ತೋಟೆ ಕೂರುವ ಕೋಣೆಯಲ್ಲಿ ಕಪ್ಪು ಉಂಗುರ ಹೋದರೂ, ಅದು ಇದ್ದ ಜಾಗದಲ್ಲಿ ಉಕ್ಕು ಒಂದು ಸುತ್ತು ಒರಟಾಗಿ ಕಾಣುತ್ತಿದೆ. ಖಾಲಿ ಎಲ್‌ಆರ್ ಕೇಸು ಹಾಕಿ ಲಿವರ್ ಎಳೆದರೆ ಸಲೀಸಾಗಿ ಬರುತ್ತದೆ, ಆದರೆ ಹಾರಿದ ಬಿಸಿ ಕೇಸು ಹೇಗೆ ಬರುತ್ತದೆ ಅನ್ನುವುದು ಬೇರೆ ಮಾತು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಪರವಾನಗಿ ಪುಸ್ತಕದ ಜೊತೆ ಕೋವಿಯನ್ನು ಶಿವಮೊಗ್ಗಕ್ಕೆ ಒಯ್ದು, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಬೇಕು. ಅಲ್ಲಿಯವರೆಗೆ ಶಾರ್ಟ್ ತೋಟೆ ಹಾಕುವುದು ಬಂದ್.